ಹೊನ್ನೆಣ್ಣೆ ಕುಡಿದ ಬ್ರೇಕು

ವಾಮದಪದವಿನ ಜತ್ತಪ್ಪ ಕಾರು ನಿಲ್ಲಿಸುವುದನ್ನು ನೋಡಲೆಂದೇ ಜನ ಅಂಗಡಿ ಜಗಲಿಗೆ ಬಂದು ಕೂರುತ್ತಿದ್ದ ಕಾಲವೊಂದಿತ್ತು. ಕಾಲು ಬ್ರೇಕಿನ ಮೇಲೆ, ಬಾಯಲ್ಲಿ "ಹೋ... ಹೋ...!" ಬ್ರೇಕು ಒತ್ತುವುದು ಬಿಳಿಯರ ಕ್ರಮ, ಹೋ ಎನ್ನುವುದು ನಮ್ಮ ಕ್ರಮ, ಎರಡೂ ಇದ್ದರೆ ಕಾರಿಗೆ ಗೊಂದಲವಿಲ್ಲ ಎಂಬುದು ಅವನ ವಾದ. ನಗುವವರು ನಗಲಿ. ಹುಟ್ಟಿದಾಗಿನಿಂದ ಎತ್ತಿನ ಬಾಲ ತಿರುಚಿ ಬೆಳೆದವನ ಕೈಗೆ ನಡುವಯಸ್ಸಿನಲ್ಲಿ ಸ್ಟಿಯರಿಂಗು ಕೊಟ್ಟರೆ ಬಾಯಿ ಅಷ್ಟು ಬೇಗ ಹಳೆಯ ಪಾಠ ಮರೆಯುತ್ತದೆಯೇ?

ಕೊಟ್ಟವರು ಯಶೋಧಮ್ಮ. ಜತ್ತಪ್ಪನ ಧಣಿ ಭುಜಬಲಿ ಬಲ್ಲಾಳರ ತಾಯಿ. ಬಲ್ಲಾಳರು ಮಂಗಳೂರಿನ ಡಾಕ್ಟರೊಬ್ಬರಿಂದ ಹಸಿರು ಬಣ್ಣದ ಹಳೆ ಆಸ್ಟಿನ್ ಕಾರು ತಂದಾಗ, ಅದರ ಜೊತೆಗೆ ಪೇಟೆಯ ಡ್ರೈವರನೊಬ್ಬನನ್ನೂ ತರುವ ಅಂದಾಜಿನಲ್ಲಿದ್ದರು. ಮುದುಕಿ ಜಗಲಿಯಲ್ಲಿ ಕೂತೇ ತೀರ್ಪು ಕೊಟ್ಟುಬಿಟ್ಟರು: "ಪೇಟೆಯವ ಯಾಕೆ? ಇಷ್ಟು ವರ್ಷ ನನ್ನನ್ನು ಗಾಡಿಯಲ್ಲಿ ಕೂರಿಸಿ ಊರೆಲ್ಲ ಸುತ್ತಿಸಿದವ ಒಂದು ದಿನ ತೋಡಿಗೆ ಹಾಕಲಿಲ್ಲ. ಜತ್ತಪ್ಪನೇ ಕಲಿಯಲಿ." ಕಲಿತ. ಲೈಸನ್ಸು ಬಂದ ದಿನ ಅವನು ಅದನ್ನು ಮೊದಲು ತೋರಿಸಿದ್ದು ಹೆಂಡತಿಗಲ್ಲ, ಯಶೋಧಮ್ಮನಿಗೆ. ಅವರು ಕನ್ನಡಕ ಏರಿಸಿ ಫೋಟೋ ನೋಡಿ, "ಕಳ್ಳನ ಹಾಗೆ ಕಾಣ್ತೀಯಲ್ಲೋ" ಎಂದಿದ್ದರು. ಜತ್ತಪ್ಪನಿಗೆ ಆಕಾಶಕ್ಕೆ ಮೂರೇ ಗೇಣು.

ಕಾರನ್ನು ಅವನು ಸಾಕಿದ್ದೂ ಎತ್ತಿನ ಹಾಗೆಯೇ. ಬೆಳಿಗ್ಗೆ ಮೈ ತೊಳೆಸುವುದು, ಮಧ್ಯಾಹ್ನ ನೆರಳಿಗೆ ಕಟ್ಟುವುದು. ಕಟ್ಟುವುದು ಎಂದರೆ ಕಟ್ಟುವುದೇ ಸ್ವಾಮಿ, ಬಂಪರಿಗೆ ಹಗ್ಗ ಹಾಕಿ ಹಲಸಿನ ಮರಕ್ಕೆ! ಇಂಥವನಿಗೆ ಸಾವಿರದ ಒಂಬೈನೂರ ಅರುವತ್ತನೆಯ ಇಸವಿಯ ಫಾಲ್ಗುಣದಲ್ಲಿ ಕಾರಿನ ಮುಂದಿನ ಚಕ್ರಗಳಿಂದ ಕಿರಕಿರ ಸದ್ದು ಕೇಳತೊಡಗಿತು. ಬ್ರೇಕು ಒತ್ತಿದಾಗಲೆಲ್ಲ "ಕ್ರೀಂಯ್" ಎಂದು ಹಂದಿ ಹಿಡಿದ ಹಾಗೆ ಅರಚುತ್ತಿತ್ತು. ಕಿರುಗುಟ್ಟುವುದಕ್ಕೆ ಏನು ಮದ್ದು? ಬಾಗಿಲಿನ ತಿರುಗಣೆ, ಬಾವಿಯ ರಾಟೆ, ಗಾಡಿಯ ಅಚ್ಚು, ಯಾವುದನ್ನು ಬೇಕಾದರೂ ಕೇಳಿ. ಜತ್ತಪ್ಪ ಮುಂದಿನ ಎರಡೂ ಚಕ್ರ ಬಿಚ್ಚಿದ. ಒಳಗಿದ್ದ ಕಬ್ಬಿಣದ ಡ್ರಮ್ಮಿನಲ್ಲಿ ಒಂದು ತೂತು ಕಂಡಿತು. ದೇವರೇ ಎಣ್ಣೆಗೆಂದು ಇಟ್ಟ ತೂತು ಎಂದುಕೊಂಡು ಎರಡಕ್ಕೂ ಒಂದೊಂದು ತೆಂಗಿನ ಗೆರಟೆ ತುಂಬ, ಗಾಡಿಯಚ್ಚಿಗೆ ಸವರುವ ಹೊನ್ನೆಣ್ಣೆ ಕುಡಿಸಿಯೇಬಿಟ್ಟ. ಕಿರಕಿರ ಮಾಯ! ಅವನು ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದ.

ಮರುದಿನವೇ ದೊಡ್ಡ ದಿನ. ಯಶೋಧಮ್ಮ ಎಂಟು ದಿನದ ಉಪವಾಸ ಹಿಡಿದಿದ್ದರು. ಎಂಟು ದಿನ ಬರೀ ಕಾಯಿಸಿ ಆರಿಸಿದ ನೀರು, ಅದೂ ಹಗಲಿನಲ್ಲಿ ಮಾತ್ರ. ಎಪ್ಪತ್ತು ದಾಟಿದ ಜೀವ. ಪಾರಣೆ ಮಾಡುವುದು ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ದರ್ಶನ ಆದ ಮೇಲೆ ಎಂದು ಅವರ ನಿಯಮ. ಸೊಸೆ ವಿಮಲಾಳ ತವರುಮನೆ ಅಲ್ಲೇ ಜೈನಪೇಟೆಯಲ್ಲಿ. ಗಂಜಿ, ಹೆಸರುಬೇಳೆ ತಿಳಿ ಎಲ್ಲ ಅಲ್ಲಿ ತಯಾರು. ಆದರೆ ಸೂರ್ಯ ಮುಳುಗಿದ ಮೇಲೆ ಜೈನರು ಉಣ್ಣುವ ಹಾಗಿಲ್ಲ. ಹೊತ್ತು ಮುಳುಗುವ ಮೊದಲು ಮುಟ್ಟದಿದ್ದರೆ ಮುದುಕಿಗೆ ಇನ್ನೊಂದು ರಾತ್ರಿ ಬರೀ ಹೊಟ್ಟೆ. ಹಿಂದಿನ ದಿನ ನಾಡಿ ನೋಡಿದ ಪಂಡಿತರು ವಿಮಲಾಳನ್ನು ಆಚೆ ಕರೆದು, "ನಾಳೆ ಹೇಗಾದರೂ ಉಣ್ಣಿಸಿ, ನಾಡಿದ್ದಿನ ಮಾತು ನಾನು ಹೇಳಲಾರೆ" ಎಂದಿದ್ದರು. ಜತ್ತಪ್ಪ ಅದನ್ನು ಕಂಬದ ಮರೆಯಿಂದ ಕೇಳಿಸಿಕೊಂಡಿದ್ದ.

ಬಲ್ಲಾಳರು ಜಮೀನಿನ ವಿಚಾರಣೆಗೆಂದು ನಸುಕಿನಲ್ಲೇ ಬೆಳ್ತಂಗಡಿಗೆ ಹೋಗಿದ್ದರು. ಜತ್ತಪ್ಪ ಇಸ್ತ್ರಿಯ ಖಾಕಿ ಅಂಗಿ ತೊಟ್ಟು, ಕಾರಿಗೆ ಗಂಧ ಹಚ್ಚಿ, ಕೊಟ್ಟಿಗೆಯಿಂದ ಅಂಗಳಕ್ಕೆ ಇಳಿಜಾರಿನಲ್ಲಿ ತಂದ. ಅಂಗಳದಲ್ಲಿ ಬಿಳಿ ಸೀರೆಯುಟ್ಟು ಯಶೋಧಮ್ಮ ಸೊಸೆಯ ಭುಜ ಹಿಡಿದು ನಿಂತಿದ್ದಾರೆ. ಜತ್ತಪ್ಪ ಗತ್ತಿನಲ್ಲಿ ಬ್ರೇಕು ಒತ್ತಿದ. "ಹೋ..." ಎಂದ. ಕಾರು ನಿಲ್ಲಲಿಲ್ಲ. "ಹೋ ಹೋ ಹೋ!" ಎಂದು ಅರಚಿ ಎರಡೂ ಕಾಲಲ್ಲಿ ತುಳಿದ. ಹಿಂದಿನ ಬ್ರೇಕು ಮೊದಲೇ ಹೆಸರಿಗೆ ಮಾತ್ರ, ಮುಂದಿನದಕ್ಕೆ ನಿನ್ನೆಯ ಔತಣ! ಕಾರು ಯಶೋಧಮ್ಮನ ಪಕ್ಕದಿಂದಲೇ ಬೆಣ್ಣೆ ಜಾರಿದಂತೆ ಜಾರಿ, ಬಚ್ಚಲಿನ ಸೌದೆ ರಾಶಿಯನ್ನು ಸವರಿಕೊಂಡು ಹೋಗಿ ಬೈಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು.

ಹುಲ್ಲಿನೊಳಗಿಂದ ಕೆಮ್ಮುತ್ತ ಹೊರಬಂದ ಜತ್ತಪ್ಪ ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಈಗ ಬರುತ್ತದೆ ಬೈಗುಳ. ಯಶೋಧಮ್ಮನ ಬಾಯಿ ಸಾಮಾನ್ಯದ್ದಲ್ಲ. ಅವರು ಬೈಯತೊಡಗಿದರೆ ಗದ್ದೆಯಾಚೆಯ ನಾಯಿ ಕೂಡ ಬಾಲ ಮುದುರಿ ಕೂರುತ್ತಿತ್ತು. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಅವರು ಜಗಲಿಯ ಚಾಪೆಗೆ ಒರಗಿದ್ದರು.

"ಪೆಟ್ಟಾಗಲಿಲ್ಲ ಅಲ್ವಾ?" ಎಂದರು, ನೆಲದ ಕಡೆ ನೋಡುತ್ತ. ಧ್ವನಿ ಬಾವಿಯ ತಳದಿಂದ ಬಂದ ಹಾಗಿತ್ತು.

"ಇಲ್ಲ ಅಮ್ಮ."

"ಹಾಗಾದ್ರೆ ಸರಿ ಮಾಡಿಸ್ಕೊಂಡು ಬಾ. ಆಗುದಾದ್ರೆ ಇವತ್ತು, ಇಲ್ಲದಿದ್ರೆ ನಾಳೆ."

ಜತ್ತಪ್ಪನ ಜೀವ ಬಾಯಿಗೆ ಬಂತು. ಬೈದಿದ್ದರೆ ಆಗುತ್ತಿತ್ತು! ವ್ರತದಲ್ಲಿ ಕೋಪ ಮಾಡಬಾರದೆಂದು ವಿಮಲಾ ಆಮೇಲೆ ಹೇಳಿದಳು, ಆದರೆ ಅವನ ತಲೆಗೆ ಹತ್ತಲಿಲ್ಲ. ಬೈಯಲೂ ತ್ರಾಣವಿಲ್ಲ ಎಂದೇ ಅವನು ತಿಳಿದ. ಇಲ್ಲೇ ಪಾರಣೆ ಮಾಡಿಬಿಡಿ ಎಂದು ವಿಮಲಾ ಅಂಗಲಾಚಿದಳು, ಮುದುಕಿ ಕೈಯಾಡಿಸಿದರು ಅಷ್ಟೆ. ಮೂಡಬಿದಿರೆಗಿದ್ದ ಒಂದೇ ಬಸ್ಸು ಬೆಳಗ್ಗೆಯೇ ಹೋಗಿಯಾಗಿತ್ತು, ಊರಿನ ಬಾಡಿಗೆ ಕಾರು ಮದುವೆ ದಿಬ್ಬಣಕ್ಕೆ ಹೋಗಿತ್ತು. ಎತ್ತಿನ ಗಾಡಿಯ ಕುಲುಕಾಟ ಆ ಮೈಗೆ ಆಗುವಂಥದ್ದಲ್ಲ.

ಪುಂಜಾಲಕಟ್ಟೆಯ ಯಾಕೂಬನ ಗ್ಯಾರೇಜೇ ಗತಿ. ಹೇಗೆ ಹೋಗುವುದು? ಜತ್ತಪ್ಪ ಇಬ್ಬರು ಆಳುಗಳನ್ನು ಕರೆದ, ಕಾರಿನ ಹಿಂದಿನ ಬಂಪರಿಗೆ ಉದ್ದ ಹಗ್ಗ ಕಟ್ಟಿದ. ಏರಿನಲ್ಲಿ ಅವರು ಕಾರಿನೊಳಗೆ ಕೂರುವುದು, ಇಳಿಜಾರು ಬಂದಾಗ ಇಳಿದು ಹಗ್ಗ ಹಿಡಿದು ಹಿಂದಕ್ಕೆ ಜಗ್ಗುವುದು! ಕೈಬ್ರೇಕು ಎಳೆದು, ಮೊದಲ ಗೇರಿನಲ್ಲಿ ಗುಂಯ್ಗುಟ್ಟಿಸುತ್ತ, ಹಿಂದೆ ಇಬ್ಬರು ಹಗ್ಗ ಹಿಡಿದು ಓಡುತ್ತ ಬಂದ ಆ ಮೆರವಣಿಗೆಗೆ ದಾರಿಯುದ್ದಕ್ಕೂ ಜನ ಹೊಟ್ಟೆ ಹಿಡಿದು ನಕ್ಕರು. ಜತ್ತಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಯಾಕೂಬ ಚಕ್ರ ಬಿಚ್ಚಿ, ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಡ್ರಮ್ಮು ಕಳಚಿದ. ಮೂಗಿನ ಹತ್ತಿರ ಹಿಡಿದ. ಜತ್ತಪ್ಪನನ್ನು ನೋಡಿದ.

"ಇದು ಎಂತ? ಹೊನ್ನೆಣ್ಣೆ ವಾಸನೆ!"

"ಅದು... ಇಲಿ ಚೆಲ್ಲಿರಬೇಕು."

"ನಿಮ್ಮಲ್ಲಿ ಇಲಿಗಳಿಗೆ ಚಕ್ರ ಬಿಚ್ಚಲಿಕ್ಕೂ ಬರ್ತದಾ ಮಾರಾಯ?"

ಯಾಕೂಬ ಡ್ರಮ್ಮನ್ನು ಬೆಳಕಿಗೆ ತಿರುಗಿಸಿ ತೋರಿಸಿದ. ಚಕ್ರದೊಳಗೆ ಎರಡು ಬಿಲ್ಲಿನಂಥ ಪಟ್ಟಿಗಳಿರುತ್ತವೆ. ಪೆಡಲು ಒತ್ತಿದಾಗ ಅವು ಅಗಲವಾಗಿ, ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಬೇಕು. ಪಟ್ಟಿಯ ಮೇಲಿನ ಲೈನಿಂಗು ಸವೆದು, ಅದನ್ನು ಕೂರಿಸಿದ ರಿವೆಟ್ಟುಗಳೇ ಹೊರಬಂದು ಡ್ರಮ್ಮನ್ನು ಕೆರೆದು ಕೆರೆದು ಚಕ್ಕುಲಿಯಂತೆ ಗೆರೆ ಎಬ್ಬಿಸಿದ್ದವು. ಅಂಚಿನಲ್ಲಿ ಒಂದು ಬಿರುಕು ಬೇರೆ.

"ಕಿರಕಿರ ಅಂದದ್ದು ಎಣ್ಣೆ ಬೇಕು ಅಂತ ಅಲ್ಲ, ನಾನು ಸಾಯ್ತಾ ಇದ್ದೇನೆ ಅಂತ. ನೀನು ಬಾಯಿಗೆ ಎಣ್ಣೆ ಹಾಕಿ ಸುಮ್ಮನಿರಿಸಿದೆ," ಎಂದ ಯಾಕೂಬ. "ಲೈನಿಂಗ್ ನನ್ನತ್ರ ಉಂಟು. ಡ್ರಮ್ಮು ಇಲ್ಲ. ಮಂಗಳೂರಿಗೆ ಹೇಳಿದ್ರೆ ನಾಡಿದ್ದು ಬರ್ಬಹುದು."

"ನಾಡಿದ್ದಾ!" ಜತ್ತಪ್ಪ ನೆಲಕ್ಕೇ ಕುಸಿದ. ಎಂಟು ದಿನದ ಉಪವಾಸ, ಪಂಡಿತರ ಮಾತು, ಸೂರ್ಯಾಸ್ತದ ನಿಯಮ, ಎಲ್ಲ ಒಂದೇ ಉಸಿರಿಗೆ ಹೇಳಿದ. ಎಣ್ಣೆ ಹಾಕಿದ ಇಲಿಯ ಹೆಸರನ್ನೂ ಹೇಳಿದ. "ಅಮ್ಮನಿಗೆ ಏನಾದ್ರೂ ಆದ್ರೆ ಕೊಂದದ್ದು ನಾನೇ ಅಂತ ಆಯ್ತಲ್ಲ ಮಾರಾಯ!"

ಯಾಕೂಬ ತಲೆಯೆತ್ತಿ ಸೂರ್ಯನನ್ನು ನೋಡಿದ. ಅದು ರಂಜಾನಿನ ತಿಂಗಳು. ಆ ಬಿಸಿಲಿನಲ್ಲಿ ಅವನು ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ, ತುಟಿ ಬಿಳಿಚಿಕೊಂಡಿತ್ತು.

"ನೋಡು ಅವಸ್ಥೆ," ಎಂದು ನಕ್ಕ. "ನನಗೆ ಅದೊಮ್ಮೆ ಮುಳುಗಿದ್ರೆ ಸಾಕು ಅಂತ ಉಂಟು. ನಿನ್ನ ಅಮ್ಮನಿಗೆ ಅದು ಮುಳುಗಬಾರ್ದು. ಏಳು, ಏಳು! ಬಂಟ್ವಾಳಕ್ಕೆ ಹೋಗುವ. ಅಲ್ಲಿ ಇದರದ್ದೇ ಅಣ್ಣ ಒಬ್ಬ ಸತ್ತು ಬಿದ್ದಿದ್ದಾನೆ."

ಅಣ್ಣ ಎಂದರೆ ಇನ್ನೊಂದು ಆಸ್ಟಿನ್. ಬಂಟ್ವಾಳದ ಅಬ್ದುಲ್ ಶುಕೂರ್ ಅದರ ಇಂಜಿನು ಕಿತ್ತು ತೋಟದ ನೀರಿನ ಪಂಪಿಗೆ ಕೂರಿಸಿ, ಉಳಿದ ಮೈಯನ್ನು ಹಿತ್ತಲಿನಲ್ಲಿ ಬಿಟ್ಟಿದ್ದ. ಹೆಚ್ಚು ಓಡದೆ ಸತ್ತ ಕಾರು, ಡ್ರಮ್ಮು ಗಟ್ಟಿಯಿರಬೇಕೆಂದು ಯಾಕೂಬನ ಲೆಕ್ಕ. ಇಬ್ಬರೂ ಸಿಕ್ಕಿದ ಬಸ್ಸಿಗೆ ನೇತುಬಿದ್ದು ಬಂಟ್ವಾಳಕ್ಕೆ ಇಳಿದರು. ಜ್ಯಾಕು ಹೊತ್ತ ಜತ್ತಪ್ಪ ಪೇಟೆಯ ಬೀದಿಯಲ್ಲಿ ಅಕ್ಷರಶಃ ಓಡಿದ.

ಶುಕೂರ್ ಊರಲ್ಲಿರಲಿಲ್ಲ. ಅವನ ತಾಯಿ ಬೀಪಾತುಮ್ಮ ಇವರ ಕಥೆಯನ್ನೆಲ್ಲ ಕೇಳಿ, ಸೊಂಟಕ್ಕೆ ಕೈಯಿಟ್ಟು ಹಿತ್ತಲ ಬಾಗಿಲಲ್ಲಿ ನಿಂತರು.

"ಡ್ರಮ್ಮು ಗಿಮ್ಮು ಎಂತ ಬೇಕಾದ್ರೂ ತಕೊಂಡು ಹೋಗಿ. ಆದ್ರೆ ಕಾರು ಮುಟ್ಟಬೇಡಿ."

"ಕಾರು ಮುಟ್ಟದೆ ಡ್ರಮ್ಮು ತೆಗೆಯುದು ಹೇಗೆ ಬೀಪಾತುಮ್ಮಾ?" ಎಂದ ಯಾಕೂಬ.

"ಅದು ನನಗೆ ಗೊತ್ತಿಲ್ಲ. ಹಿಂದಿನ ಸೀಟಲ್ಲಿ ನನ್ನ ಹೇಂಟೆ ಕಾವಿಗೆ ಕೂತಿದೆ. ಇವತ್ತೋ ನಾಳೆಯೋ ಮರಿ ಒಡೀತದೆ. ಅದು ಎದ್ದು ಹೋದ್ರೆ ನಿಮ್ಮಿಬ್ಬರನ್ನು ಮೊಟ್ಟೆ ಮೇಲೆ ಕೂರಿಸ್ತೇನೆ, ನೆನಪಿರಲಿ!"

ಜತ್ತಪ್ಪ ಇಣುಕಿದ. ಹೌದು, ಹರಿದ ಸೀಟಿನ ನಾರಿನಲ್ಲಿ ಕೆಂಪು ಕೋಳಿಯೊಂದು ಗರಿ ಉಬ್ಬಿಸಿ ಕೂತು ಅವನನ್ನೇ ದುರುಗುಟ್ಟುತ್ತಿತ್ತು. ಆಮೇಲೆ ನಡೆದ ಕೆಲಸ ಇದೆಯಲ್ಲ, ಅದನ್ನು ಯಾಕೂಬ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ. ಮೂತಿಯ ಅಡಿಗೆ ಜ್ಯಾಕು ಕೊಟ್ಟು, ಹಾಲು ಉಕ್ಕದಂತೆ ನೋಡುವ ಹಾಗೆ, ಅಷ್ಟಷ್ಟೇ ಏರಿಸಿದರು. ಸುತ್ತಿಗೆಗೆ ಗೋಣಿಯ ಬಟ್ಟೆ ಸುತ್ತಿದರು. ಯಾಕೂಬ ತಟ್ಟಿದಾಗೊಮ್ಮೆ ಕೋಳಿ "ಕೊಕ್" ಎನ್ನುವುದು, ಕೂಡಲೇ ಜತ್ತಪ್ಪ ಕಿಟಕಿಯಿಂದ "ಏನಿಲ್ಲ ಏನಿಲ್ಲ, ಕೂತ್ಕೋ ಕೂತ್ಕೋ" ಎಂದು ಸಮಾಧಾನ ಮಾಡುವುದು. ಬೀಪಾತುಮ್ಮ ಕದಲದೆ ಕಾವಲು. ಒಂದು ಡ್ರಮ್ಮು ಬಂತು. ಇನ್ನೊಂದು ತುಕ್ಕಿಗೆ ಕಚ್ಚಿಕೊಂಡು ಕುಳಿತಿತ್ತು. ಯಾಕೂಬ ಹಲ್ಲು ಕಚ್ಚಿ ಎಳೆದ, ಜತ್ತಪ್ಪ ಅವನ ಸೊಂಟ ಹಿಡಿದು ಎಳೆದ. ಡ್ರಮ್ಮು ಟಣ್ಣೆಂದು ಕಳಚಿ ಇಬ್ಬರೂ ಹಿಂದಕ್ಕೆ ಬಿದ್ದರು. ಕೋಳಿ ಎದ್ದು ನಿಂತಿತು! ಮೂವರೂ ಉಸಿರು ಹಿಡಿದರು. ಅದು ಒಂದು ಸುತ್ತು ತಿರುಗಿ, ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಮಾಡಿ, ಪುನಃ ಕೂತಿತು.

"ಹೋಗಿ, ಹೋಗಿ, ಆ ಅಮ್ಮನಿಗೆ ಉಣ್ಣಿಸಿ," ಎಂದು ಬೀಪಾತುಮ್ಮ ಇಬ್ಬರನ್ನೂ ಹೊರಗೆ ಅಟ್ಟಿದರು.

ಪುಂಜಾಲಕಟ್ಟೆಗೆ ಮರಳುವಾಗ ಸೂರ್ಯ ನೆತ್ತಿ ಬಿಟ್ಟು ಪಶ್ಚಿಮಕ್ಕೆ ಇಳಿದಿದ್ದ. ಯಾಕೂಬನ ಕೈ ಈಗ ಕೈಯಾಗಿರಲಿಲ್ಲ, ಯಂತ್ರವಾಗಿತ್ತು. ಎಣ್ಣೆ ಕುಡಿದ ಹಳೆ ಲೈನಿಂಗ್ ಕಿತ್ತೆಸೆದ. ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸುಟ್ಟು ಒಣಗಿಸಿ, ಹೊಸ ಲೈನಿಂಗ್ ಇಟ್ಟು ರಿವೆಟ್ ಹೊಡೆದ. ಜತ್ತಪ್ಪ ಡ್ರಮ್ಮುಗಳ ಒಳಗನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ, ಮುಖ ಕಾಣುವಷ್ಟು ಹೊಳೆಸಿದ. ಗಂಟಲು ಒಣಗಿ ಅಂಟಿಕೊಂಡಿತ್ತು. ಮೂಲೆಯಲ್ಲಿ ಮಣ್ಣಿನ ಹೂಜಿ ಇತ್ತು. ಆದರೆ ಅತ್ತ ಅಮ್ಮ, ಇತ್ತ ಯಾಕೂಬ, ನಡುವೆ ತಾನೊಬ್ಬ ಗಟಗಟ ಕುಡಿಯುವುದು ಹೇಗೆ? ಅವನೂ ಕುಡಿಯಲಿಲ್ಲ.

ಡ್ರಮ್ಮು ಕೂತಿತು. ಚಕ್ರ ಕೂತಿತು. ಇನ್ನು ಬ್ರೇಕಿನ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ. ಯಾಕೂಬ ಚಕ್ರದ ಅಡಿಯಲ್ಲಿ ಮಲಗಿ, "ಒತ್ತು!" ಎಂದ.

"ಹೋ!" ಎನ್ನುತ್ತ ಒತ್ತಿದ ಜತ್ತಪ್ಪ.

"ಬಿಡು! ಒತ್ತು! ನೀನು ಹೋ ಅನ್ನುದು ಬೇಡ ಮಾರಾಯ, ಕಾಲಲ್ಲಿ ಒತ್ತಿದ್ರೆ ಸಾಕು!"

ಪೆಡಲು ಮೆತ್ತಗಿದ್ದದ್ದು ಗಟ್ಟಿಯಾಯಿತು. ಜತ್ತಪ್ಪನ ಕಾಲಿಗೆ ಅದು ಕೂಡಲೇ ಗೊತ್ತಾಯಿತು. ಹಿಡಿಯುತ್ತದೆ! ಈಗ ಹಿಡಿಯುತ್ತದೆ!

ಹೊಸ ಲೈನಿಂಗು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಕಣ್ಣಿಟ್ಟಿರಬೇಕೆಂದು ಯಾಕೂಬನೂ ನಟ್ಟು ಬಿಗಿಯುವ ಪಾನೆ ಹಿಡಿದು ಮುಂದಿನ ಸೀಟಿಗೆ ಹತ್ತಿದ. ವಾಮದಪದವಿನ ಮನೆಯಂಗಳದಲ್ಲಿ ಯಶೋಧಮ್ಮನನ್ನು ಸೊಸೆಯೂ ಜತ್ತಪ್ಪನೂ ಹೆಚ್ಚುಕಡಿಮೆ ಎತ್ತಿಯೇ ಹಿಂದಿನ ಸೀಟಿನಲ್ಲಿ ಒರಗಿಸಿದರು. ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಣಮೋಕಾರ ಮಂತ್ರಕ್ಕೆ ಅಲುಗುತ್ತಿತ್ತು. ಸೂರ್ಯ ತೆಂಗಿನ ಮರಗಳ ತಲೆಯ ಮೇಲಿದ್ದ.

ಹೋಯಿತು ನೋಡಿ ಕಾರು! ಕೆಂಪು ಧೂಳೆಬ್ಬಿಸಿಕೊಂಡು, ತಿರುವುಗಳಲ್ಲಿ ಹಾರ್ನ್ ಬಾರಿಸಿಕೊಂಡು. ಏರಿದಾಗ ಸೂರ್ಯ ಕಾಣುತ್ತಿದ್ದ, ಇಳಿದಾಗ ಗುಡ್ಡದ ಹಿಂದೆ ಹೋಗುತ್ತಿದ್ದ. "ಮುಳುಗಿತಾ?" ಎಂದು ಜತ್ತಪ್ಪ. "ಇಲ್ಲ, ಉಂಟು ಉಂಟು, ನೀನು ದಾರಿ ನೋಡು!" ಎಂದು ಯಾಕೂಬ. ಬೆಳಗಿನಿಂದ ಸೂರ್ಯ ಮುಳುಗಲೆಂದು ಕಾದ ಮನುಷ್ಯ ಈಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ನಿಲ್ಲು ಮಾರಾಯ, ಇನ್ನೊಂದು ಚೂರು ನಿಲ್ಲು" ಎಂದು ಅದೇ ಸೂರ್ಯನನ್ನು ಗೋಗರೆಯುತ್ತಿದ್ದ!

ಸಿದ್ಧಕಟ್ಟೆಯ ಇಳಿಜಾರು. ತಿರುವಿನಾಚೆ, ದಾರಿಗೆ ಅಡ್ಡವಾಗಿ ಹುಲ್ಲು ಹೇರಿದ ಎತ್ತಿನ ಗಾಡಿ. ಎಡಕ್ಕೆ ಎತ್ತರದ ಮಣ್ಣಿನ ದರೆ, ಬಲಕ್ಕೆ ನೀರಿನ ತೋಡು. ವಿಮಲಾ ಕಿರುಚಿದಳು. ಜತ್ತಪ್ಪ ಬ್ರೇಕಿನ ಮೇಲೆ ಎದ್ದೇ ನಿಂತ. "ಹೋ... ಹೋ... ಹೋಓಓ!" ಪಕ್ಕದಲ್ಲಿ ಯಾಕೂಬನೂ ಅವನಿಗಿಂತ ಗಟ್ಟಿಯಾಗಿ "ಹೋಓಓ!" ಎಂದ. ಚಕ್ರಗಳು ಮಣ್ಣನ್ನು ಉತ್ತವು, ಕಾರು ಮೂಗು ತಗ್ಗಿಸಿತು, ನಡುಗಿತು, ನಿಂತಿತು. ಗಾಡಿಯ ಎತ್ತು ತಲೆ ತಿರುಗಿಸಿ ಕಾರಿನ ಗಂಧ ಹಚ್ಚಿದ ಮೂತಿಯನ್ನು ಮೂಸಿತು.

"ಹಿಡೀತು! ನೋಡಿದ್ಯಾ? ಹಿಡೀತು!" ಇಬ್ಬರೂ ತೊಡೆ ತಟ್ಟಿಕೊಂಡರು. ಗಾಡಿಯವನು ಬೈಯುತ್ತಲೇ ದಾರಿ ಬಿಟ್ಟ.

ಬಸದಿಯ ಮುಂದೆ ಕಾರು ನಿಂತಾಗ ಬಿಸಿಲು ಮಾನಸ್ತಂಭದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಯಶೋಧಮ್ಮ ಸೊಸೆಯ ತೋಳು ಹಿಡಿದು ಒಳಗೆ ಹೋದರು. ಜತ್ತಪ್ಪ ಹೊರಗೆ ನಿಂತು ಸ್ತಂಭದ ತುದಿ ನೋಡುತ್ತ ಉಗುರು ಕಚ್ಚಿದ. ಸಾವಿರ ಕಂಬಗಳನ್ನೂ ಮುಟ್ಟಿ ಬರುತ್ತಾರೋ ಏನೋ, ಬೇಗ ಬರಬಾರದೇ! ಬಂದರು. ಬಸದಿಯ ಪಕ್ಕದಲ್ಲೇ ಇದ್ದ ತಮ್ಮ ಮನೆಯ ಬಾಗಿಲಲ್ಲಿ ವಿಮಲಾಳ ತವರಿನವರು ಕಾದಿದ್ದರು. ಕಾಲು ತೊಳೆಸಿ, ಮಣೆ ಹಾಕಿ, ಬೆಳ್ಳಿ ಬಟ್ಟಲಲ್ಲಿ ಹೆಸರಿನ ತಿಳಿ ಹಿಡಿದರು. ಜತ್ತಪ್ಪ ಅಂಗಳದಿಂದ, ಕಿಟಕಿಯ ಸರಳು ಹಿಡಿದು ನೋಡಿದ. ಮೊದಲ ಗುಟುಕು ಗಂಟಲಲ್ಲಿ ಇಳಿದದ್ದು ಕಂಡಿತು. ಎರಡನೆಯದು. ಆಮೇಲೆ ಗಂಜಿ, ಮೆಲ್ಲ ಮೆಲ್ಲ. ಅವನ ಕಣ್ಣಲ್ಲಿ ನೀರು ಧಾರೆ ಧಾರೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಬಟ್ಟಲು ಬರಿದಾಗಿ ಅವರು ಕೈ ತೊಳೆದ ಮೇಲೆಯೇ ಮಾನಸ್ತಂಭದ ಬಿಸಿಲು ಆರಿದ್ದು.

ಸ್ವಲ್ಪ ಹೊತ್ತಿನಲ್ಲಿ ದೂರದ ಮಸೀದಿಯಿಂದ ಬಾಂಗು ಕೇಳಿತು. ವಿಮಲಾ ತಂಬಿಗೆಯಲ್ಲಿ ನೀರು, ಬಾಳೆಹಣ್ಣು ತಂದು ಯಾಕೂಬನ ಮುಂದಿಟ್ಟಳು. ಅವನು ಮೂರು ಗುಟುಕು ಕುಡಿದು ತಂಬಿಗೆಯನ್ನು ಜತ್ತಪ್ಪನ ಕಡೆ ಸರಿಸಿದ. "ಕುಡಿ. ಹೂಜಿ ಕಡೆ ನೋಡಿ ನೋಡಿ ಬಿಟ್ಟದ್ದು ನನಗೆ ಕಂಡಿದೆ."

ಜತ್ತಪ್ಪ ತಂಬಿಗೆ ಎತ್ತಿದ್ದನಷ್ಟೆ, ಒಳಗಿನಿಂದ ಒಂದು ಗುಡುಗು ಹೊರಟಿತು.

"ಜತ್ತಪ್ಪಾ! ಎಲ್ಲಿ ಸತ್ತಿದ್ದೀಯೋ? ಬಾ ಇಲ್ಲಿ!"

ಜತ್ತಪ್ಪ ಓಡಿ ಬಾಗಿಲಿನಾಚೆ ಕೈಕಟ್ಟಿ ನಿಂತ. ಯಶೋಧಮ್ಮ ಗೋಡೆಗೆ ಒರಗಿ ಕೂತಿದ್ದರು, ಕೆನ್ನೆಗೆ ರಕ್ತ ಬಂದಿತ್ತು.

"ಬೆಳಿಗ್ಗೆ ನೀನು ಹುಲ್ಲಿನಿಂದ ಎದ್ದು ಬರುವಾಗಲೇ ನನಗೆ ಹೊನ್ನೆಣ್ಣೆ ವಾಸನೆ ಬಂದಿದೆ! ವ್ರತ ಮುಗಿಯಲಿ ಅಂತ ನಾಲಿಗೆ ಕಚ್ಚಿ ಕೂತಿದ್ದೆ. ಕಾರಿಗೆ ಎಣ್ಣೆ ಹಾಕ್ಲಿಕ್ಕೆ ಅದೇನು ನಿನ್ನ ಅಜ್ಜನ ಗಾಡಿಯಾ? ತಲೆಯಲ್ಲಿ ಮೆದುಳು ಉಂಟಾ, ಹಲಸಿನ ಗೂಂಜು ಉಂಟಾ? ಕತ್ತೆಗೆ ಲೈಸನ್ಸು ಕೊಟ್ಟವರನ್ನು ಹೇಳಬೇಕು! ಕೊಡಿಸಿದ ನನ್ನನ್ನು ಮೊದಲು ಹೇಳಬೇಕು!"

ಬೈಗುಳ ಮನೆಯ ಮಾಡಿಗೆ ಬಡಿದು ಬೀದಿಗೆ ಕೇಳಿತು. ಜನ ಇಣುಕಿದರು. ಜತ್ತಪ್ಪ ತಲೆ ಎತ್ತಲಿಲ್ಲ, ಆದರೆ ಅವನ ಬಾಯಿ ಕಿವಿಯಿಂದ ಕಿವಿಗೆ ಅರಳಿತ್ತು. ಹಿಂದಿನಿಂದ ಬಂದ ಯಾಕೂಬನಿಗೆ ಗಾಬರಿಯಾಯಿತು.

"ಎಂತ ಮಾರಾಯ, ಇಷ್ಟು ಬೈತಿದ್ದಾರೆ, ನೀನು ನಗ್ತೀಯಲ್ಲ?"

"ಸುಮ್ಮನಿರು, ಸುಮ್ಮನಿರು," ಎಂದು ಜತ್ತಪ್ಪ ಪಿಸುಗುಟ್ಟಿದ. "ಶಬ್ದ ಕೇಳು. ಎಷ್ಟು ಗಟ್ಟಿ ಉಂಟು ನೋಡು!"